ಕಿತ್ತಳೆ ಬಣ್ಣದ ವೆಲ್ಡಿಂಗ್ ಪರದೆ: ಬಹುಕಾಲ ಬಳಸಿದ ಮೇಲೆ

ವೆಲ್ಡಿಂಗ್ ಜಾಗದ ಸುತ್ತ ಮುಂಚೆ ದಪ್ಪ ಕ್ಯಾನ್ವಾಸ್ ಕಟ್ಟಿದ್ದೆವು. ಬೆಳಕು ತಡೆಯುವುದರಲ್ಲಿ ಅದಕ್ಕೆ ಹೆಸರಿಡುವ ಹಾಗಿರಲಿಲ್ಲ. ಆದರೆ ಒಳಗೆ ಯಾರಿದ್ದಾರೆ, ಏನು ನಡೀತಿದೆ ಅನ್ನುವುದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಹೆಲ್ಮೆಟ್ ಇಳಿಸಿಕೊಂಡು ಕೂತವನಿಗೆ ತನ್ನ ಪ್ಯಾಂಟಿನ ಅಂಚಿಗೆ ಕಿಡಿ ಹತ್ತಿದ್ದು ಬಿಸಿ ತಾಕುವವರೆಗೂ ತಿಳಿಯುವುದಿಲ್ಲ. ಪಕ್ಕದಲ್ಲಿರುವವರು ನೋಡಿ ಕೂಗಬೇಕು. ಈ ಒಂದೇ ಕಾರಣಕ್ಕೆ ಪಾರದರ್ಶಕ ಪಿವಿಸಿ ಪರದೆಗೆ ದುಡ್ಡು ಹಾಕಿದೆ. ಆ ಮಟ್ಟಿಗೆ ನನಗೆ ಪೂರ್ತಿ ಸಮಾಧಾನವಿದೆ. ಈಗ ಫಿಟ್ಟಿಂಗ್ ಟೇಬಲ್ ಹತ್ತಿರ ನಿಂತೇ ಒಳಗಿರುವವನ ಕೈ, ಕಾಲು, ಕೇಬಲ್ ಎಲ್ಲ ಕಾಣುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ, ಐಎಸ್‌ಒ 25980 (ವೆಲ್ಡಿಂಗ್ ಪರದೆಗಳ ಅಂತರರಾಷ್ಟ್ರೀಯ ಮಾನದಂಡ) ಅಂತ ಗುರುತು ಇರುವ ಪರದೆ ಯಾವ ಬಣ್ಣದ್ದಾದರೂ ನೇರಳಾತೀತ ಕಿರಣವನ್ನು ತಡೆಯುತ್ತದೆ. ಆ ಗುರುತೇ ಇಲ್ಲದ್ದನ್ನು ಬರೀ ಬಣ್ಣ ನೋಡಿ ಕೊಳ್ಳಬೇಡಿ. ಕಿತ್ತಳೆ ಬಣ್ಣ ಆರ್ಕ್‌ನ, ಅಂದರೆ ಲೋಹ ಕರಗಿಸುವ ವಿದ್ಯುತ್ ಜ್ವಾಲೆಯ, ನೀಲಿ ಬೆಳಕನ್ನು ಚೆನ್ನಾಗಿ ತಗ್ಗಿಸಿ ಒಳಗಿನದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕಡು ಹಸಿರಿನಲ್ಲಿ ಕಣ್ಣಿಗೆ ಹೊಡೆಯುವ ಪ್ರಖರತೆ ಕಡಿಮೆ, ಆದರೆ ಒಳಗಿನ ಮನುಷ್ಯ ಬರೀ ನೆರಳಾಗಿಬಿಡುತ್ತಾನೆ. ಪರದೆಗೆ ಅಂಟಿಕೊಂಡ ಹಾಗೆ ಬೇರೆಯವರು ದಿನವಿಡೀ ಕೆಲಸ ಮಾಡುವ ಜಾಗವಾದರೆ ಹಸಿರೇ ಸರಿ. ಯಾವ ಬಣ್ಣದ್ದಾದರೂ ಈ ಪರದೆ ಆರ್ಕ್‌ನಿಂದ ಕನಿಷ್ಠ ಒಂದು ಮೀಟರ್ ದೂರದಲ್ಲಿರುವವರಿಗೆ ಮಾಡಿದ ರಕ್ಷಣೆ. ಇದರ ಮೂಲಕ ಆರ್ಕ್ ಅನ್ನೇ ದಿಟ್ಟಿಸಿ ನೋಡಬಾರದು, ವೆಲ್ಡರ್‌ನ ಗಾಜಿನ ಬದಲಿಗೆ ಇದು ಆಗುವುದಿಲ್ಲ. ಕಣ್ಣಿಗೆ ಆರ್ಕ್ ಹೊಡೆದದ್ದು ಆಗಲೇ ಗೊತ್ತಾಗದೆ, ಕೆಲವು ಗಂಟೆ ಕಳೆದ ಮೇಲೆ ಮರಳು ಬಿದ್ದ ಹಾಗೆ ಚುಚ್ಚತೊಡಗುತ್ತದೆ. ಅದನ್ನು ಅನುಭವಿಸಿದವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ನಾನು ನಿರೀಕ್ಷಿಸದೇ ಸಿಕ್ಕ ಲಾಭವೆಂದರೆ ಗಾಳಿ ತಡೆ. ಬಾಗಿಲಿನಿಂದ ನುಗ್ಗುವ ಗಾಳಿಗೆ ಮಿಗ್ ವೆಲ್ಡಿಂಗ್‌ನಲ್ಲಿ ಕರಗಿದ ಲೋಹವನ್ನು ಕಾಯುವ ಗ್ಯಾಸ್ ಚದುರಿ ಬೀಡ್‌ನಲ್ಲಿ (ಬೆಸುಗೆಯ ಗೆರೆಯಲ್ಲಿ) ತೂತು ಬೀಳುತ್ತಿತ್ತು. ಪರದೆ ಬಂದ ಮೇಲೆ ಆ ಕಾಟ ಬಹುಮಟ್ಟಿಗೆ ತಪ್ಪಿದೆ. ಗ್ಯಾಸ್ ಹೆಚ್ಚು ಬಿಟ್ಟು ಸರಿದೂಗಿಸುವುದೂ ನಿಂತಿದೆ.

ಇಷ್ಟು ಹೇಳಿದ ಮೇಲೆ ಬೇಸರದ ವಿಷಯ. ಗ್ರೈಂಡರ್ ಇರುವ ಬದಿಯಲ್ಲಿ ಈ ಪರದೆ ನಿಲ್ಲುವುದಿಲ್ಲ. ‘ಬೆಂಕಿ ನಿರೋಧಕ’ ಅಂತ ಮಾರುತ್ತಾರೆ. ಅದರ ಅರ್ಥ ಹತ್ತಿದ ಬೆಂಕಿ ತಾನೇ ಆರುತ್ತದೆ ಅಂತ ಅಷ್ಟೇ. ಕರಗಿದ ಲೋಹದ ಹನಿ ಬಿದ್ದರೆ ತೂತು ಬಿದ್ದೇ ಬೀಳುತ್ತದೆ. ಕಟಿಂಗ್ ವೀಲ್‌ನ ಕಿಡಿಧಾರೆ ಒಂದೇ ಕಡೆ ಹೊಡೆದು ಹೊಡೆದು ಮೊಣಕಾಲೆತ್ತರದಲ್ಲಿ ಪರದೆ ಮಸುಕಾಯಿತು. ಕಬ್ಬಿಣದ ಕಣಗಳು ಪಿವಿಸಿಯೊಳಗೆ ಹೂತು ಕೂತಿವೆ, ಬೆರಳು ಸವರಿದರೆ ಒರಟು. ಒಳಗೆ ಕಾಣಲಿ ಅಂತ ಕೊಂಡದ್ದು, ಅಲ್ಲೇ ಕಾಣದಂತಾಯಿತು. ಮಾರುವವರು ಇದನ್ನು ಬಾಯಿಬಿಟ್ಟು ಹೇಳಬೇಕಿತ್ತು.

ಹಾಗಾಗಿ ಸಂಜೆ ಮಶೀನ್ ಆರಿಸಿದ ಮೇಲೆ ಒಂದು ಕೆಲಸ ನನ್ನದೇ. ಮೊದಲು ಮೆತ್ತನೆಯ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ದೂಳು ಇಳಿಸುತ್ತೇನೆ; ಒಣಬಟ್ಟೆಯಲ್ಲಿ ಉಜ್ಜಿದರೆ ಆ ಕಣಗಳೇ ಗೀರು ಹಾಕುತ್ತವೆ. ಆಮೇಲೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ, ಕೊನೆಗೆ ಬರೀ ನೀರು. ಥಿನ್ನರ್ ಹತ್ತಿರವೂ ತರುವುದಿಲ್ಲ, ಪಿವಿಸಿ ಹಾಳಾಗುತ್ತದೆ. ಆಗಾಗ ದೀಪವೆಲ್ಲ ಆರಿಸಿ ಪರದೆಯ ಹಿಂದೆ ಟಾರ್ಚ್ ಹಿಡಿದು ನಿಧಾನಕ್ಕೆ ಸರಿಸುತ್ತಾ ಹೋಗುತ್ತೇನೆ. ತೂತು ಇದ್ದಲ್ಲಿ ಕಿತ್ತಳೆಯ ನಡುವೆ ಬಿಳಿ ಚುಕ್ಕೆ ಹೊಳೆಯುತ್ತದೆ. ಕಣ್ಣಿನ ಮಟ್ಟದಲ್ಲಿ ಅಂಥ ಚುಕ್ಕೆ ಕಂಡರೆ ಆ ತುಂಡನ್ನು ಬದಲಾಯಿಸುವುದೇ. ಅಗಲವಾದ ಒಂದೇ ಪರದೆಗಿಂತ ಪಟ್ಟಿಗಳನ್ನು ತೂಗುಹಾಕಿದರೆ ಈ ಖರ್ಚು ಹಗುರ, ಯಾಕೆಂದರೆ ಹಾಳಾದ ಪಟ್ಟಿಯೊಂದನ್ನೇ ಬಿಚ್ಚಬಹುದು. ಆದರೆ ಒಂದರ ಮೇಲೊಂದು ಸಾಕಷ್ಟು ಹೊದಿಸದಿದ್ದರೆ ಸಂದಿನಲ್ಲಿ ಆರ್ಕ್ ಇಣುಕುತ್ತದೆ.

ಕೆಳಗಡೆ ಒಂದಿಷ್ಟು ಜಾಗ ಬಿಟ್ಟೇ ತೂಗುಹಾಕಿ. ಗಾಳಿ ಆಡದಿದ್ದರೆ ಹೊಗೆಯೆಲ್ಲ ವೆಲ್ಡರ್‌ನ ಮುಖದ ಸುತ್ತಲೇ ನಿಲ್ಲುತ್ತದೆ. ಆ ಸಂದಿನಿಂದ ಬೆಳಕು ತಪ್ಪಿಸಿಕೊಳ್ಳುವುದು ನಿಜ. ಅದರ ದಾರಿಯಲ್ಲಿ ಹೊಳೆಯುವ ತಗಡು ಒರಗಿಸಿಡಬೇಡಿ. ಒಳಗೋಡೆಗೆ ಮಿನುಗದ ಬಣ್ಣ ಬಳಿಸಿ. ಟೈಟಾನಿಯಂ ಡೈಆಕ್ಸೈಡ್ ಅಥವಾ ಜಿಂಕ್ ಆಕ್ಸೈಡ್ ಇರುವ ಬಣ್ಣ ನೇರಳಾತೀತವನ್ನು ಹೆಚ್ಚು ಹೀರಿಕೊಳ್ಳುತ್ತದೆ.

ಗ್ರೈಂಡರ್ ಬದಿಗೆ ಈಗ ಫೈಬರ್‌ಗ್ಲಾಸ್‌ನ ಬೆಂಕಿ ತಡೆಯುವ ಹೊದಿಕೆ ಕಟ್ಟಿದ್ದೇನೆ. ಅಲ್ಲಿಂದ ಒಳಗೆ ಕಾಣುವುದಿಲ್ಲ, ಆದರೆ ಆ ಕಡೆ ಯಾರೂ ಓಡಾಡುವುದೂ ಇಲ್ಲ. ಜನ ಓಡಾಡುವ ಬದಿಗೆ ಕಿತ್ತಳೆಯೇ ಇರುತ್ತದೆ; ಇದು ಸವೆದಾಗ ಮತ್ತೆ ಅದನ್ನೇ ತರುತ್ತೇನೆ, ಈ ಸಲ ಪಟ್ಟಿಗಳಲ್ಲಿ.