ಜಾಂಜಿಬಾರ್‌ನ ಹಾಯಿದೋಣಿ, ಅವ್ವ ಮತ್ತು ನೀರಿನೊಳಗಿನ ಮುಕ್ಕಾಲು ಗಂಟೆ

ಜಾಂಜಿಬಾರ್‌ಗೆ ಹೊರಟವರು ಫೋನ್ ಮಾಡಿ ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಮಾತು. ಸಮುದ್ರದಲ್ಲಿ ಇಡೀ ದಿನದ ಆ ಹಾಯಿದೋಣಿ ಟ್ರಿಪ್ ಮಾಡಬೇಕಾ, ಬೇಡವಾ? ಮಾಡಿ. ದುಡ್ಡು ಕೊಡುವ ಮೊದಲು ಎರಡು ವಿಷಯ ಮಾತ್ರ ಕೇಳಿಕೊಳ್ಳಿ. ಆ ದಿನ ಸಮುದ್ರದ ಇಳಿತ ಎಷ್ಟು ಹೊತ್ತಿಗೆ? ಹಾಯಿ ನಿಜವಾಗಿ ಬಿಚ್ಚುತ್ತೀರಾ? ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಆ ದಿನ ಚೆನ್ನಾಗಿಯೇ ಇರುತ್ತದೆ.

ನಾವು ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದು ಮೂರು ವರ್ಷ ಆಯ್ತು. ಈ ಆಗಸ್ಟ್‌ನಲ್ಲಿ ಊರಿಂದ ಅವ್ವ ಬಂದಿದ್ದಳು. ನಮ್ಮದು ಹಾವೇರಿ ಕಡೆ. ಅರವತ್ತನಾಲ್ಕು ವರ್ಷದಲ್ಲಿ ಅವ್ವ ಸಮುದ್ರ ನೋಡಿದ್ದು ಎರಡು ಸಲ, ಎರಡು ಸಲವೂ ದಡದಲ್ಲಿ ನಿಂತು. ಈಜು ಬರುವುದಿಲ್ಲ. ಅವಳನ್ನು ಕರೆದುಕೊಂಡು ಹೋಗುವುದಾ ಬೇಡವಾ ಎಂದು ನಾನು ವಾರಗಟ್ಟಲೆ ಯೋಚಿಸಿದೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ವಯಸ್ಸಾದವರನ್ನು ಕರೆದೊಯ್ಯುವವರಿಗೆ ಬೇಕಾದ ಸಂಗತಿಗಳನ್ನು ಯಾರೂ ಹೇಳುವುದಿಲ್ಲ.

ದಾರ್‌ನಿಂದ ಜಾಂಜಿಬಾರ್‌ಗೆ ಫೆರ್ರಿಯಲ್ಲಿ ಸುಮಾರು ಎರಡು ಗಂಟೆ. ಟ್ರಿಪ್ ಹೊರಡುವುದು ಫುಂಬಾದಿಂದ, ದ್ವೀಪದ ನೈಋತ್ಯ ಮೂಲೆಯ ಹಳ್ಳಿ ಅದು. ಮುಂದೆ ಇರುವುದು ಮೆನಾಯ್ ಕೊಲ್ಲಿ. 470 ಚದರ ಕಿಲೋಮೀಟರ್‌ನ ಈ ನೀರನ್ನು 1997ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದರು. ಡೈನಮೈಟ್ ಹಾಕಿ ಮೀನು ಹಿಡಿದು ಹವಳ ಹಾಳಾಗುತ್ತಿದ್ದದ್ದು ಅದಕ್ಕೆ ಒಂದು ದೊಡ್ಡ ಕಾರಣ. ಒಳಗೆ ಹೋಗಲು ಒಂದು ಶುಲ್ಕ ಇದೆ. ನಮಗೆ ತಲೆಗೆ 70 ಡಾಲರ್ ಬಿತ್ತು. ಕಾರು, ಊಟ, ಹಣ್ಣು, ಸ್ನಾರ್ಕೆಲ್ (ನೀರಿನಲ್ಲಿ ಮುಖ ಮುಳುಗಿಸಿ ನೋಡಲು ಮಾಸ್ಕ್, ಉಸಿರಾಡುವ ಕೊಳವೆ), ಆ ಶುಲ್ಕ ಎಲ್ಲಾ ಸೇರಿ. ಶುಲ್ಕ ಸೇರಿದೆಯಾ ಇಲ್ಲವಾ ಎಂದು ಮೊದಲೇ ಕೇಳಿ. ದಡದಲ್ಲಿ ಬೇರೆ ಗುಂಪಿನ ಒಬ್ಬರು ಇದೇ ವಿಷಯಕ್ಕೆ ಜಗಳ ಆಡುತ್ತಿದ್ದರು.

ಈಗ ಇಳಿತದ ವಿಷಯ. ಇಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಈ ಏರಿಳಿತ ನಾಲ್ಕು ಮೀಟರ್‌ವರೆಗೆ ಹೋಗುತ್ತದೆ. ಎಲ್ಲರೂ ಫೋಟೋ ಹಾಕುತ್ತಾರಲ್ಲ, ಸಮುದ್ರದ ನಡುವೆ ಬಿಳಿ ಮರಳಿನ ದಿಬ್ಬ, ಅದು ಮೇಲೆ ಬರುವುದು ಇಳಿತ ಇದ್ದಾಗ. ಕೊಲ್ಲಿಯೊಳಗಿನ ಕ್ವಾಲೆ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕೊಳಕ್ಕೆ ದೋಣಿ ಹೋಗುವುದು ಭರತ ಇದ್ದಾಗ. ಎರಡೂ ಒಂದೇ ಹಗಲಲ್ಲಿ ಸಿಗಬೇಕಾದರೆ ದಿನ ಆರಿಸಿಕೊಳ್ಳಬೇಕು. ನಾವು ಹೋಗಿದ್ದು ಹುಣ್ಣಿಮೆ ಕಳೆದು ಎರಡನೇ ದಿನ. ಬೆಳಿಗ್ಗೆ ಹನ್ನೊಂದೂಕಾಲಿನ ಹೊತ್ತಿಗೆ ಪೂರ್ತಿ ಇಳಿತ, ಸಂಜೆ ಐದರ ಮೇಲೆ ಪೂರ್ತಿ ಭರತ. ಅವ್ವ ಪಂಚಾಂಗ ನೋಡಿ ಹೇಳಿದ ದಿನ ಅದು. ಬೇರೆ ಯಾವುದೋ ಲೆಕ್ಕದಲ್ಲಿ ಹೇಳಿದ್ದಳು, ಆದರೆ ಇದಕ್ಕೂ ಸರಿಯಾಗಿ ಹೊಂದಿತು.

ಇಳಿತದ ದಿನದ ಕಷ್ಟವೂ ಗೊತ್ತಿರಲಿ. ಬೆಳಿಗ್ಗೆ ಒಂಬತ್ತೂವರೆಗೆ ನೀರು ಆಗಲೇ ಹಿಂದೆ ಸರಿದಿತ್ತು, ದೋಣಿ ದೂರದಲ್ಲಿ ನಿಂತಿತ್ತು. ಸುಮಾರು ಇನ್ನೂರು ಹೆಜ್ಜೆ ಕೆಸರು ಮರಳಿನಲ್ಲಿ, ಆಮೇಲೆ ಮೊಣಕಾಲು ಮಟ್ಟದ ನೀರಿನಲ್ಲಿ ನಡೆಯಬೇಕು. ಕಾಲ ಕೆಳಗೆ ಚೂಪು ಹವಳದ ಚೂರು, ಮುಳ್ಳಿನ ಚೆಂಡಿನಂಥ ಕಡಲ ಜೀವಿಗಳೂ ಇರುತ್ತವೆ. ಹಳೆ ಕ್ಯಾನ್ವಾಸ್ ಶೂ ಹಾಕಿಕೊಳ್ಳಿ, ಚಪ್ಪಲಿ ಸಾಲದು. ಗೈಡ್ ಹುಡುಗ ಅವ್ವನ ಕೈ ಹಿಡಿದುಕೊಂಡು "ಪೋಲೆ ಪೋಲೆ, ಮಾಮಾ" ಎನ್ನುತ್ತಾ ನಡೆಸಿದ. ಪೋಲೆ ಪೋಲೆ ಎಂದರೆ ನಿಧಾನ, ನಿಧಾನ. ಮಾಮಾ ಎಂದರೆ ಅಮ್ಮ. ಅವ್ವ ಅವನನ್ನು ದಿನವಿಡೀ ತಮ್ಮಾ ಅಂತಲೇ ಕರೆದಳು. ಇಬ್ಬರಿಗೂ ಅಷ್ಟು ಸಾಕಾಯಿತು.

ದೋಣಿ ಮರದ್ದು, ಹಳೇ ಥರದ್ದು. ಕುಳಿತ ಕೂಡಲೇ ಅವ್ವನ ಕೈ ಹಲಗೆಯ ಸಂದಿಗೆ ಹೋಯಿತು. ಅಲ್ಲಿ ಬೆಳ್ಳಗೆ ಏನೋ ಇಣುಕುತ್ತಿತ್ತು. ಉಗುರಿನಿಂದ ಸ್ವಲ್ಪ ಎಳೆದು, ಬೆರಳಲ್ಲಿ ಹೊಸೆದು ನೋಡಿದಳು. "ಹತ್ತಿ ಐತಲ್ಲವಾ ಇದು" ಎಂದಳು. ಹತ್ತಿಯೇ. ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಉಳಿಯಿಂದ ಸಂದಿಗೆ ಬಡಿದು ಕೂರಿಸುತ್ತಾರೆ, ನೀರು ಒಳಗೆ ಬರುವುದಿಲ್ಲ. ಜೀವನವಿಡೀ ಹತ್ತಿ ಬಿಡಿಸಿದ ಕೈ ಅದು, ಗುರುತು ಹಿಡಿಯದೆ ಇರುತ್ತದಾ?

ಹೋಗುವಾಗ ಹಾಯಿ ಬಿಚ್ಚಲಿಲ್ಲ. ಎಂಜಿನ್ ಹಾಕಿದರು. ನನಗೆ ಬೇಜಾರಾಯಿತು, ಕೇಳಿಯೂ ಕೇಳಿದೆ. ದೋಣಿಯ ಯಜಮಾನ, ಇಲ್ಲಿ ಅವನನ್ನು ನಹೋಧಾ ಎನ್ನುತ್ತಾರೆ, ಕೈಯಿಂದಲೇ ಗಾಳಿಯ ದಿಕ್ಕು ತೋರಿಸಿದ. ಈ ತಿಂಗಳುಗಳಲ್ಲಿ ಬೀಸುವುದು ಕುಸಿ, ದಕ್ಷಿಣದ ಗಾಳಿ. ನಾವು ಹೋಗಬೇಕಾದದ್ದೂ ದಕ್ಷಿಣಕ್ಕೆ. ಹಾಯಿದೋಣಿ ಗಾಳಿಗೆ ಎದುರಾಗಿ ನೇರ ಹೋಗಲಾರದು, ಅಡ್ಡಡ್ಡ ಸುತ್ತಿಕೊಂಡು ಹೋಗಬೇಕು, ಅದಕ್ಕೇ ಅರ್ಧ ದಿನ ಬೇಕು. ಬರುವಾಗ ಪೂರ್ತಿ ಹಾಯಿ ಎಂದು ಮಾತು ಕೊಟ್ಟ, ಉಳಿಸಿಕೊಂಡ. ಆದರೆ ಇದನ್ನು ಬುಕಿಂಗ್ ಮಾಡುವಾಗಲೇ ಹೇಳಬೇಕಿತ್ತು. ಡೀಸೆಲ್ ಹೊಗೆ ನೇರ ಹಿಂದಿನ ಸೀಟಿಗೆ ಬರುತ್ತದೆ. ವಾಂತಿಯ ತೊಂದರೆ ಇರುವವರು ಮುಂದೆ ಕೂತುಕೊಳ್ಳಿ, ಮಾತ್ರೆಯನ್ನು ಹೊರಡುವ ಮೊದಲೇ ನುಂಗಿ.

ದಾರಿಯಲ್ಲಿ ದೂರಕ್ಕೆ ಮೂರು ಡಾಲ್ಫಿನ್ ಬೆನ್ನು ಕಂಡವು. ಎರಡು ಮೋಟಾರ್ ಬೋಟ್ ಆಗಲೇ ಅವುಗಳ ಹಿಂದೆ ಬಿದ್ದಿದ್ದವು. ನಮ್ಮವನು ಎಂಜಿನ್ ಇಳಿಸಿ ಸುಮ್ನೆ ನಿಂತ. ಎರಡು ನಿಮಿಷ ನೋಡಿದೆವು, ಹೊರಟೆವು. ಅವನ ಮೇಲೆ ನನಗೆ ಗೌರವ ಬಂದದ್ದು ಅಲ್ಲಿ.

ಇನ್ನು ಸ್ನಾರ್ಕೆಲಿಂಗ್. ಕೊಟ್ಟ ಮಾಸ್ಕ್‌ಗಳು ಹಳೆಯವು, ಇದೇ ಈ ಟ್ರಿಪ್‌ನ ದೊಡ್ಡ ಕೊರತೆ. ಏಳು ಜನರಲ್ಲಿ ಇಬ್ಬರ ಮಾಸ್ಕ್ ಸೋರುತ್ತಿತ್ತು, ಒಂದರ ಪಟ್ಟಿ ಹಾಕಿಕೊಳ್ಳುವಾಗಲೇ ಹರಿಯಿತು. ನಿಮ್ಮದೇ ಮಾಸ್ಕ್ ಇದ್ದರೆ ತನ್ನಿ. ಇಲ್ಲದಿದ್ದರೆ ದೋಣಿ ಹತ್ತುವ ಮೊದಲೇ ಪರೀಕ್ಷೆ ಮಾಡಿ: ಪಟ್ಟಿ ಹಾಕದೆ ಮಾಸ್ಕ್ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಒಳಗೆ ಎಳೆಯಿರಿ. ಕೈ ಬಿಟ್ಟರೂ ಅದು ಮುಖಕ್ಕೆ ಅಂಟಿಕೊಂಡಿರಬೇಕು. ಒಂದು ಎಳೆ ಕೂದಲು ಅಂಚಿಗೆ ಸಿಕ್ಕರೂ ನೀರು ಬರುತ್ತದೆ, ನನಗೆ ಮೊದಲ ಹತ್ತು ನಿಮಿಷ ಹೋದದ್ದು ಅದರಲ್ಲೇ. ಗಾಜು ಮಂಜಾಗದಂತೆ ಒಳಗೆ ಉಗುಳು ಸವರಿ ತೊಳೆಯುತ್ತಾರೆ. ಅಸಹ್ಯ ಅನಿಸಬಹುದು, ಆದರೆ ಕೆಲಸ ಮಾಡುತ್ತದೆ.

ದೋಣಿಯನ್ನು ತೇಲುಬುರುಡೆಗೆ ಕಟ್ಟಿದರು, ಹವಳದ ಮೇಲೆ ಲಂಗರು ಬಿಡಲಿಲ್ಲ. ಇದನ್ನು ನೋಡಿಕೊಳ್ಳಿ. ಪಕ್ಕದ ಬೋಟಿನವರು ಲಂಗರನ್ನು ಹಾಗೇ ಎಸೆದರು, ಒಂದು ಸಲ ಬಿದ್ದರೆ ಎಷ್ಟೋ ವರ್ಷ ಬೆಳೆದ ಹವಳ ಪುಡಿಯಾಗುತ್ತದೆ.

ನೀರು ತಣ್ಣಗಿತ್ತು. ಮುಖ ಮುಳುಗಿಸಿದೊಡನೆ ಹೊರಗಿನ ಗದ್ದಲ ನಿಂತುಹೋಯಿತು, ನನ್ನ ಉಸಿರಿನ ಸದ್ದು ಮಾತ್ರ ಕೊಳವೆಯಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಕೆಳಗೆ ಎರಡಾಳಿನಷ್ಟು ಆಳದಲ್ಲಿ ಹವಳ. ಜಿಂಕೆಯ ಕೊಂಬಿನಂಥವು, ಮಿದುಳಿನ ಹಾಗೆ ಸುಕ್ಕುಸುಕ್ಕು ಗುಂಡಗಿನವು. ಕೆಲವು ಕಡೆ ಸತ್ತು ಬೂದು ಬಣ್ಣಕ್ಕೆ ತಿರುಗಿದ್ದವೂ ಇದ್ದವು. ನೀರು ಬಿಸಿಯಾಗಿ ಹವಳ ಬೆಳ್ಳಗಾದ 1998 ಮತ್ತು 2016ರ ಪೆಟ್ಟು ಈ ಕರಾವಳಿಗೂ ಬಿದ್ದಿದೆ. ಇನ್ನೊಂದು ಸದ್ದು ಕೇಳುತ್ತಿತ್ತು, ಕಟ್ ಕಟ್ ಅಂತ, ಯಾರೋ ಕಲ್ಲುಸಕ್ಕರೆ ಕಡಿಯುವ ಹಾಗೆ. ಹಸಿರು ಬಣ್ಣದ ಗಿಳಿಮೀನು ಹವಳವನ್ನು ಕೊಕ್ಕಿನಂಥ ಬಾಯಿಂದ ಕೆರೆದು ತಿನ್ನುತ್ತಿತ್ತು. ತಿಂದ ಹವಳ ಅದರ ಹೊಟ್ಟೆಯಿಂದ ಬಿಳಿ ಮರಳಾಗಿ ಹೊರಗೆ ಬರುತ್ತದೆ. ಆಗತಾನೆ ನಾವು ನಡೆದಾಡಿ ಬಂದ ದಿಬ್ಬದಲ್ಲಿ ಅದರ ಪಾಲೂ ಇದೆ.

ಅವ್ವ ದೋಣಿಯಲ್ಲೇ ಕೂತಿರುತ್ತಾಳೆ ಎಂದುಕೊಂಡಿದ್ದೆ. ತಲೆಯೆತ್ತಿ ನೋಡಿದರೆ ಚೂಡಿದಾರದ ಮೇಲೆ ಲೈಫ್ ಜಾಕೆಟ್ ಕಟ್ಟಿಸಿಕೊಂಡು ಏಣಿಯ ಕೊನೇ ಮೆಟ್ಟಿಲ ಮೇಲೆ ನಿಂತಿದ್ದಾಳೆ! ಆ ಹುಡುಗ ನೀರಿನಲ್ಲಿ ಒಂದು ರಬ್ಬರ್ ರಿಂಗ್ ಹಿಡಿದುಕೊಂಡು ಕಾಯುತ್ತಿದ್ದ. ಅವಸರ ಮಾಡಲಿಲ್ಲ, ಎಳೆಯಲಿಲ್ಲ. ಮೊದಲು ರಿಂಗ್ ಹಿಡಿಯುವುದು, ಆಮೇಲೆ ಬಾಯಲ್ಲಿ ಕೊಳವೆ ಕಚ್ಚಿ ಬರೀ ಉಸಿರಾಡುವುದು, ಆಮೇಲೆ ಗಲ್ಲ ಮುಳುಗಿಸುವುದು. ಒಂದೊಂದಕ್ಕೂ ಐದು ನಿಮಿಷ. ಕೊನೆಗೆ ಮುಖ ಮುಳುಗಿಸಿದಳು. ಕೂಡಲೇ ಮೇಲೆ ಬಂದಳು. ಮತ್ತೆ ಮುಳುಗಿಸಿದಳು. ಆಮೇಲೆ ಬಹಳ ಹೊತ್ತು ಮೇಲೆ ಬರಲೇ ಇಲ್ಲ, ಅವನು ರಿಂಗ್ ಎಳೆದುಕೊಂಡು ಹವಳದ ಸುತ್ತ ನಿಧಾನ ತೇಲಿಸಿದ. ಮುಕ್ಕಾಲು ಗಂಟೆ.

ಮಾಸ್ಕ್ ಎತ್ತಿದಾಗ ಹಣೆ ಮೇಲೆ ಕೆಂಪು ಗೆರೆ ಮೂಡಿತ್ತು. "ಹಳದಿ ಮೀನ ಎಷ್ಟ್ ಇದ್ವು ನೋಡಿದೇನ? ಮದುವಿ ಮನ್ಯಾಗ ಹುಡುಗ್ರು ಓಡ್ಯಾಡಿದಂಗ" ಎಂದಳು. ನಾನು ಈ ಟ್ರಿಪ್‌ಗೆ ಪೂರ್ತಿ ಅಂಕ ಕೊಡುವುದು ಆ ಹುಡುಗನ ತಾಳ್ಮೆಗೆ. ಬೇರೆಲ್ಲಾ ಆಮೇಲೆ.

ಒಂದು ವಿಷಯ ಮಾತ್ರ ಸರಿ ಕಾಣಲಿಲ್ಲ. ಇನ್ನೊಬ್ಬ ಗೈಡ್ ದೊಡ್ಡ ಕೆಂಪು ನಕ್ಷತ್ರಮೀನನ್ನು ಮೇಲೆ ತಂದು ಫೋಟೋಗೆ ಹಿಡಿದ. ನೀರಿನಿಂದ ಹೊರಗೆ ತೆಗೆದರೆ ಅದಕ್ಕೆ ಉಸಿರಾಡಲು ಆಗುವುದಿಲ್ಲ. ನಾನು ಹೇಳಿದೆ, ಅವನು ತಕ್ಷಣ ವಾಪಸ್ ಬಿಟ್ಟ. ಪ್ರವಾಸಿಗರು ಕೇಳುತ್ತಾರೆ ಮೇಡಂ, ಎಂದ. ನಾವು ಕೇಳದಿದ್ದರೆ ಆಯ್ತು, ಅಲ್ವಾ?

ಊಟ ಕ್ವಾಲೆ ದ್ವೀಪದಲ್ಲಿ, ಮಧ್ಯಾಹ್ನ ಒಂದೂವರೆಗೆ. ಕೆಂಡದ ಮೇಲೆ ಸುಟ್ಟ ಮೀನು, ಆಕ್ಟೋಪಸ್ ತಿನ್ನುವವರಿಗೆ ಹಬ್ಬ. ಅವ್ವ ಸಸ್ಯಾಹಾರಿ, ಹಿಂದಿನ ದಿನವೇ ಹೇಳಿದ್ದೆ. ಅನ್ನ, ಚಪಾತಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಂಪು ಹುರುಳಿಕಾಯಿ ಬೀಜದ ಸಾರು ಬೇರೆ ಪಾತ್ರೆಯಲ್ಲಿ ಇಟ್ಟಿದ್ದರು. ಖಾರ ಇರುವುದಿಲ್ಲ, ಉಪ್ಪಿನಕಾಯಿ ಒಯ್ಯಿರಿ. ಶೌಚಾಲಯ ಸಿಗುವುದೂ ಇಲ್ಲೇ ಮೊದಲ ಸಲ. ದೋಣಿಯಲ್ಲಿ ಇಲ್ಲ. ಅಂದರೆ ನಾಲ್ಕು ಗಂಟೆ. ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದ ಹೆಂಗಸರು ಇದನ್ನು ಲೆಕ್ಕ ಹಾಕಿಕೊಂಡೇ ಹೊರಡಬೇಕು. ಕಂಪನಿಯವರಿಗೂ ಹೇಳಿದ್ದೇನೆ.

ಊಟ ಆದ ಮೇಲೆ ದ್ವೀಪದೊಳಗೆ ನಡೆಸಿಕೊಂಡು ಹೋಗಿ ಒಂದು ಬಾವೊಬಾಬ್ ಮರ ತೋರಿಸುತ್ತಾರೆ. ಎಂದೋ ಉರುಳಿ ಬಿದ್ದದ್ದು, ಮಲಗಿದಲ್ಲೇ ಚಿಗುರಿ ಬೆಳೆದಿದೆ. ಅವ್ವ ಅದರ ತೊಗಟೆ ಮೇಲೆ ಅಂಗೈ ಇಟ್ಟು, "ಇದು ನಮ್ಮ ಸವಣೂರಿನ ದೊಡ್ಡಹುಣಸಿ" ಎಂದಳು. ನನಗೆ ಹೊಳೆದೇ ಇರಲಿಲ್ಲ. ಸವಣೂರು ಮಠದಲ್ಲಿರುವ ಆ ಮೂರು ಮರಗಳು ಇದೇ ಜಾತಿ, ಆಫ್ರಿಕಾದ ಜಾತಿ. ಚಿಕ್ಕವಳಿದ್ದಾಗ ಅವುಗಳ ಸುತ್ತ ಓಡಿದ್ದೇನೆ. ಅವುಗಳ ಬಳಗ ಇಲ್ಲಿದೆ ಎಂದು ಗುರುತು ಹಿಡಿಯಲು ಅವ್ವನೇ ಬರಬೇಕಾಯಿತು.

ಕಾಂಡ್ಲಾ ಗಿಡಗಳ ಕೊಳಕ್ಕೆ ಮೂರೂವರೆಗೆ ಹೋದೆವು. ಚೆನ್ನಾಗಿದೆ, ನೀರು ಬೆಚ್ಚಗಿದೆ. ಜಾಸ್ತಿ ಹೇಳುವಂಥದ್ದಿಲ್ಲ.

ವಾಪಸ್ ಬರುವಾಗ ಎಂಜಿನ್ ಆರಿಸಿದರು. ಉದ್ದನೆಯ ಓರೆ ಮರಕ್ಕೆ ಹಾಯಿಯನ್ನು ಸುತ್ತಿ, ತೆಳು ದಾರದಿಂದ ಅಲ್ಲಲ್ಲಿ ಕಟ್ಟಿದ್ದರು. ನಾಲ್ವರು ಹಗ್ಗ ಜಗ್ಗಿದಂತೆ ಆ ಮರ ಹಾಯಿಮರದ ತುದಿಗೆ ಏರಿತು. ಆಮೇಲೆ ಒಬ್ಬ ಕೆಳಗಿನ ಮೂಲೆಯ ಹಗ್ಗವನ್ನು ಒಂದೇ ಸಲ ಎಳೆದ. ದಾರಗಳು ಪಟ ಪಟ ಪಟ ಅಂತ ಕೆಳಗಿಂದ ಮೇಲೆ ಹರಿದವು, ತೇಪೆ ಹಾಕಿದ ದೊಡ್ಡ ತ್ರಿಕೋನ ಬಿಚ್ಚಿಕೊಂಡು ಗಾಳಿ ತುಂಬಿಕೊಂಡಿತು. ದೋಣಿ ಒಂದು ಕಡೆ ವಾಲಿ ಮುಂದೆ ಹೊರಟಿತು. ನೀರು ಹಲಗೆಗೆ ಉಜ್ಜುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾತಾಡುತ್ತಿದ್ದ ಏಳು ಜನವೂ ಮಾತು ನಿಲ್ಲಿಸಿದೆವು.

ನಾನು ನಹೋಧಾನ ಪಕ್ಕ ಹೋಗಿ ಕೂತೆ. ಅವನ ಕೈಲಿದ್ದದ್ದನ್ನು ತೋರಿಸಿ ಏನನ್ನುತ್ತೀರಿ ಎಂದು ಕೇಳಿದೆ. ಉಸುಕಾನಿ, ಎಂದ. ನಾವು ಚುಕ್ಕಾಣಿ ಅನ್ನುತ್ತೇವೆ, ಎಂದೆ. ಅವನು ಲಂಗರು ತೋರಿಸಿದ, ನಂಗಾ. ದೂರದ ದಡ ತೋರಿಸಿದ, ಬಂದಾರಿ. ಲಂಗರು, ಬಂದರು ಎಂದೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಮುಂದಿದ್ದವರನ್ನೆಲ್ಲ ಕೂಗಿ ಹೇಳಿದ. ಅರಬ್ಬರು, ಪರ್ಷಿಯಾದವರು ಕಾಲಕ್ಕೆ ತಕ್ಕಂತೆ ದಿಕ್ಕು ಬದಲಿಸುವ ಈ ಗಾಳಿ ಹಿಡಿದು ಆಫ್ರಿಕಾ, ಭಾರತ ಎರಡೂ ದಡಕ್ಕೆ ಬಂದು ಹೋಗುತ್ತಿದ್ದರು, ಮಾತೂ ಅವರ ಜೊತೆ ಬಂದಿದೆ. ಅವ್ವ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಹಿಂದಕ್ಕೆ ಸರಿದು ಬಂದಳು. ನಹೋಧಾ ಜರುಗಿ ಜಾಗ ಕೊಟ್ಟು, ಚುಕ್ಕಾಣಿಯ ಹಿಡಿಯನ್ನು ಅವಳ ಕೈಗೆ ಕೊಟ್ಟ, ತನ್ನ ಒಂದು ಕೈ ಅದರ ಮೇಲೇ ಇಟ್ಟುಕೊಂಡ. ಅವ್ವ ಎರಡೂ ಕೈಯಲ್ಲಿ ಹಿಡಿದು, ನೇಗಿಲು ಹಿಡಿದವರ ಹಾಗೆ ನೇರ ಮುಂದೆ ನೋಡುತ್ತಾ ಕೂತಳು.

ಉದ್ದ ತೋಳಿನ ಬಟ್ಟೆ ಮರೆಯಬೇಡಿ. ಮುಖ ಕೆಳಗೆ ಮಾಡಿ ತೇಲುವಾಗ ಬೆನ್ನು, ಮೀನಖಂಡ ಸುಡುವುದು ಗೊತ್ತೇ ಆಗುವುದಿಲ್ಲ. ಹಳ್ಳಿಯ ದಡದಲ್ಲಿ ಭುಜ, ಮೊಣಕಾಲು ಮುಚ್ಚಿಕೊಂಡು ಓಡಾಡಿ, ಅಲ್ಲಿನವರಿಗೆ ಅದು ಇಷ್ಟ. ಹುಡುಗರಿಗೆ ಟಿಪ್ಸ್ ಬೇರೆಯಾಗಿ ಕೊಡಿ, ಅವರ ಕೈಗೇ ಕೊಡಿ.

ಐದರ ಹೊತ್ತಿಗೆ ಫುಂಬಾ ಮುಟ್ಟಿದೆವು. ಬೆಳಿಗ್ಗೆ ನಡೆದ ಇನ್ನೂರು ಹೆಜ್ಜೆ ಕೆಸರು ಈಗ ನೀರಿನ ಕೆಳಗಿತ್ತು. ದೋಣಿ ಅದರ ಮೇಲೆಯೇ ಬಂದು ಮರಳಿಗೆ ಮೂಗು ತಾಗಿಸಿ ನಿಂತಿತು. ಅವ್ವ ಹುಡುಗನ ಕೈ ಹಿಡಿಯದೆ ತಾನೇ ಇಳಿದಳು. ನೀರು ಅವಳ ಪಾದ ಮುಚ್ಚುವಷ್ಟೇ ಇತ್ತು.