ರೋಡ್ ಬೈಕ್, ಎಂಟಿಬಿ, ಹೈಬ್ರಿಡ್: ಭಾನುವಾರದ ಸವಾರಿಗೆ ಯಾವ ಸೈಕಲ್?

ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಹೋಗಿಬರುವ ಹುಚ್ಚಿದ್ದರೆ ರೋಡ್ ಬೈಕ್ ಚೆನ್ನ. ಹಗುರ, 25ರಿಂದ 28 ಮಿ.ಮೀ. ಟೈರು. ಆದರೆ ಬಗ್ಗಿ ಕೂರಬೇಕು, ಗುಂಡಿ ಸಿಕ್ಕರೆ ಕೈಗೂ ಬೆನ್ನಿಗೂ ಏಟು.

ಎಂಟಿಬಿಯ, ಅಂದರೆ ಮೌಂಟನ್ ಬೈಕಿನ, ಎರಡಿಂಚಿನ ಟೈರು ಗುಂಡಿಗೆ ಹೆದರುವುದಿಲ್ಲ, ಸಕಲೇಶಪುರದ ಕಾಫಿ ತೋಟದ ಮಣ್ಣುದಾರಿಗೆ ಅದೇ ಸರಿ, ಆದರೆ ಡಾಂಬರು ರಸ್ತೆಯಲ್ಲಿ ಟೈರಿನ ದಪ್ಪ ಹಲ್ಲುಗಳು ಕಾಲಿನ ಶಕ್ತಿಯನ್ನೆಲ್ಲ ತಿಂದುಬಿಡುತ್ತವೆ, ಅಗ್ಗದ್ದಾದರೆ ಮುಂದಿನ ಸಸ್ಪೆನ್ಷನ್ ಬರೀ ಭಾರ.

ಸುಮ್ನೆ ಕೆರೆ, ಕಬ್ಬನ್ ಪಾರ್ಕ್ ಅಂತ ಸುತ್ತುವವರಿಗೆ ಇವೆರಡರ ನಡುವಿನ ಹೈಬ್ರಿಡ್ ಸಾಕು. ನೆಟ್ಟಗೆ ಕೂರಬಹುದು, 35 ಮಿ.ಮೀ. ಆಸುಪಾಸಿನ ಟೈರು ನಮ್ಮ ಹಂಪ್‌ಗಳನ್ನು ತಡೆದುಕೊಳ್ಳುತ್ತದೆ. ನನ್ನ ಓಟು ಇದಕ್ಕೇ.

ಏನೇ ಕೊಂಡರೂ ಅಂಗಡಿಯಲ್ಲೇ ಫ್ರೇಮಿನ ಅಳತೆ ನೋಡಿ. ಮೇಲಿನ ಕಂಬಿಯ ಎರಡೂ ಕಡೆ ಕಾಲಿಟ್ಟು ನಿಂತಾಗ ಒಂದೆರಡು ಇಂಚು ಸಂದು ಇರಬೇಕು. ಬಣ್ಣ ಆಮೇಲೆ ನೋಡಿದರಾಯಿತು, ಅಲ್ವಾ?