ಹಾಲು ಬಿಡಿಸಿದ ಹಂದಿಮರಿಗಳಿಗೆ ಮೂರು ಥರದ ಕೊಬ್ಬು: ನನಗೆ ಕಂಡಿದ್ದು

ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಎಂಬ ಕೊಬ್ಬಿನ ಆಮ್ಲಗಳಿದ್ದ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹೋತದ ನಾತ ಮೂಗಿಗೆ ಬಡಿಯಿತು. ಲ್ಯಾಟಿನ್ನಿನಲ್ಲಿ ಮೇಕೆಗೆ ಇರುವ ಪದದಿಂದಲೇ ಈ ಹೆಸರುಗಳು ಹುಟ್ಟಿವೆ, ಸುಮ್ನೆ ಇಟ್ಟಿದ್ದಲ್ಲ.

28 ದಿನಕ್ಕೆ ತಾಯಿಯಿಂದ ಬೇರೆ ಮಾಡಿದ ಮರಿಗೆ ಮೊದಲ ವಾರ ದೊಡ್ಡ ಗಂಡಾಂತರ. ಹೊಟ್ಟೆಯಲ್ಲಿ ಆಮ್ಲ ಸಾಲದು. ಕರುಳಿನ ಒಳಗೋಡೆಯ ಬೆರಳಿನಂಥ ಎಳೆಗಳು ಮೊಟಕಾಗುತ್ತವೆ. ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಹೆಚ್ಚಿ ನೀರುಭೇದಿ ಶುರುವಾಗುತ್ತದೆ. ಮೊದಲೆಲ್ಲ ಇದಕ್ಕೆ ಜಿಂಕ್ ಆಕ್ಸೈಡ್ (ಸತುವಿನ ಪುಡಿ) ಜಾಸ್ತಿ ಹಾಕುವುದೇ ರೂಢಿ. ಆ ಸತು ಸಗಣಿಯ ಜೊತೆ ಮಣ್ಣು ಸೇರುತ್ತದೆ. ಯುರೋಪಿಯನ್ ಒಕ್ಕೂಟ 2022ರ ಜೂನಿನಿಂದ ಔಷಧಿಯ ಪ್ರಮಾಣದಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿತು. ನಾನೂ ಬೇರೆ ದಾರಿ ಹುಡುಕಿ, ಫೀಡಿಗೆ ಮೂರು ಥರದ ಕೊಬ್ಬು ಬೆರೆಸಿ ನೋಡಿದೆ.

ನಾಲ್ಕು ಗೂಡು ಮಾಡಿದೆ. ಒಂದೇ ತಾಯಿಯ ಮರಿಗಳನ್ನು ನಾಲ್ಕಕ್ಕೂ ಹಂಚಿದೆ. ಇಲ್ಲದಿದ್ದರೆ ಒಳ್ಳೆ ತಾಯಿಯ ಮರಿಗಳನ್ನು ನೋಡಿ ಫೀಡಿಗೆ ಶಹಬ್ಬಾಸ್ ಹೇಳಿದ ಹಾಗಾಗುತ್ತದೆ, ಅಲ್ವಾ? ಮೂರು ಗೂಡಿಗೆ ಒಂದೊಂದು ಥರದ ಕೊಬ್ಬು, ಹೋಲಿಸಿ ನೋಡಲು ಒಂದು ಗೂಡಿಗೆ ಏನೂ ಬೆರೆಸಲಿಲ್ಲ.

ಹೋತದ ನಾತದ್ದನ್ನು ಮೊದಲ ಸಲ ಧಾರಾಳವಾಗಿ ಹಾಕಿಬಿಟ್ಟೆ. ಮರಿಗಳು ತೊಟ್ಟಿಗೆ ಮೂತಿ ಇಟ್ಟು, ಮೂಸಿ, ತಿರುಗಿ ಹೋದವು. ಮಾರನೇ ದಿನ ಅರ್ಧಕ್ಕೆ ಇಳಿಸಿದ ಮೇಲೆ ತಿಂದವು. ಭೇದಿ ಬೇಗ ಹಿಡಿತಕ್ಕೆ ಬಂದಿದ್ದು ಈ ಗೂಡಿನಲ್ಲೇ. ಈ ಕೊಬ್ಬು ಕರುಳಿನಿಂದ ನೇರ ಯಕೃತ್ತಿಗೆ ಹೋಗಿ ಬೇಗ ಶಕ್ತಿಯಾಗುತ್ತದೆ ಎಂಬುದೂ ನಿಜ. ಆದರೆ ಮೊದಲ ದಿನ ಉಪವಾಸ ಬಿದ್ದ ಮರಿಯ ಬೆನ್ನುಮೂಳೆ ಕಣ್ಣಿಗೆ ಕಾಣುತ್ತಿತ್ತು. ಭೇದಿ ನಿಲ್ಲಿಸಲು ಹೋಗಿ ಹಸಿವನ್ನೇ ನಿಲ್ಲಿಸಿದರೆ ಏನು ಬಂತು?

ಎರಡನೆಯದು ಮೊನೊಲಾರಿನ್. ಬಿಳಿ ಪುಡಿ, ನಾತವೇ ಇಲ್ಲ ಅನ್ನಬಹುದು. ತೆಂಗಿನೆಣ್ಣೆಯಲ್ಲಿ ಧಾರಾಳವಾಗಿರುವ ಲಾರಿಕ್ ಆಮ್ಲ ಗ್ಲಿಸರಾಲ್ ಜೊತೆ ಕೂಡಿದರೆ ಇದು. ಹೋತದ ನಾತದ್ದರಂಥ ಬಿಡಿ ಆಮ್ಲಗಳ ಜೋರೆಲ್ಲ ಹುಳಿ ಇರುವ ಹೊಟ್ಟೆಯಲ್ಲಿ. ಹುಳಿ ಕಡಿಮೆಯಿರುವ ಸಣ್ಣ ಕರುಳಿಗೆ ಬಂದರೆ ಅವು ಮೆತ್ತಗಾಗುತ್ತವೆ. ಮೊನೊಲಾರಿನ್‌ಗೆ ಹುಳಿಯ ಹಂಗಿಲ್ಲ. ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳ ಮೇಲೆ ಗಟ್ಟಿ, ಇ. ಕೋಲಿ ಮೇಲೆ ಒಂಟಿಯಾಗಿ ಅಷ್ಟಕ್ಕಷ್ಟೇ. ನನ್ನ ಗೂಡಿನಲ್ಲೂ ಭೇದಿ ಪೂರ್ತಿ ನಿಲ್ಲಲಿಲ್ಲ. ಆದರೆ ಮರಿಗಳು ಮೊದಲ ದಿನದಿಂದಲೇ ತೊಟ್ಟಿ ನೆಕ್ಕಿದವು. ನನಗೆ ಇದೇ ಹಿಡಿಸಿತು.

ಮೂರನೆಯದು ಲೇಪನ ಹಾಕಿದ ಬ್ಯುಟಿರೇಟ್, ಅಂದರೆ ಬೆಣ್ಣೆಯಲ್ಲೂ ಇರುವ ಬ್ಯುಟಿರಿಕ್ ಆಮ್ಲದ ಲವಣ. ಲೇಪನ ಇಲ್ಲದ್ದು ಹೊಟ್ಟೆಯಲ್ಲೇ ಕರಗಿ ಮುಗಿಯುತ್ತದೆ, ಕರುಳಿಗೆ ತಲುಪುವುದು ಅಲ್ಪಸ್ವಲ್ಪ. ಒಂದು ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿದೆ. ಹಳಸಿದ ಬೆಣ್ಣೆಯ ವಾಸನೆ, ಸೋಪು ಹಾಕಿ ತೊಳೆದರೂ ಸಂಜೆವರೆಗೆ ಬಿಡಲಿಲ್ಲ. ಮೊದಲ ವಾರ ಈ ಗೂಡಿಗೂ ಏನೂ ಹಾಕದ ಗೂಡಿಗೂ ವ್ಯತ್ಯಾಸವೇ ಕಾಣಲಿಲ್ಲ. ದುಡ್ಡು ದಂಡ ಅಂದುಕೊಂಡಿದ್ದೆ. ಮೂರನೇ ವಾರದ ಹೊತ್ತಿಗೆ ಸಗಣಿ ಗಟ್ಟಿಯಾಗಿ, ಮರಿಗಳೆಲ್ಲ ಒಂದೇ ಸಮ ಬೆಳೆದಿದ್ದವು. ಇದು ದೊಡ್ಡ ಕರುಳಿನ ಕೋಶಗಳಿಗೆ ಊಟ, ರೋಗಾಣುವಿಗೆ ಏಟಲ್ಲ. ಫಲ ನಿಧಾನಕ್ಕೇ ಬರಬೇಕು.

ಈಗ ಮೊದಲ ಹತ್ತು ದಿನ ಮೊನೊಲಾರಿನ್, ಅದರ ಜೊತೆ ಹೋತದ್ದು ಒಂದಿಷ್ಟೇ ಇಷ್ಟು. ಆಮೇಲೆ ಬ್ಯುಟಿರೇಟ್. ನಾಲ್ಕು ಗೂಡು, ಒಂದೇ ಸಲದ ಲೆಕ್ಕ ಇದು, ಇನ್ನೊಂದು ಬ್ಯಾಚ್ ನೋಡಬೇಕು. ಆ ಡಬ್ಬಿಯನ್ನು ಮಾತ್ರ ಫೀಡ್ ಕೋಣೆಯಿಂದ ಆಚೆ ಇಟ್ಟಿದ್ದೇನೆ.